ಅರಿಷಿಣಕ್ಕೆ ಸುಣ್ಣ ತಗಲಿದಾಗ

ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಹೊಸ ಮದುಮಕ್ಕಳು ಮನೆಯ ಹೊಸ್ತಿಲನ್ನು ದಾಟುವ ಮುಂಚೆ ಮುತ್ತೈದೆಯರು ಕೆಂಪು ನೀರಿನ ಆರತಿಯನ್ನೆತ್ತುವ ಪದ್ಧತಿಯುಂಟು. ಆ ಕೆಂಪು ಬಣ್ಣವನ್ನು ಯಾರೂ ಪೇಟೆಯಿಂದ ತರುವದಿಲ್ಲ. ತಾಟಿನೊಳಗಣ ನೀರಿನಲ್ಲಿ ಚಿಟಿಕೆ ಅರಿಷಿಣವನ್ನು ಕದಡಿ, ಉಗುರಿನ ತುದಿಯಷ್ಟು ತಿನ್ನುವ ಸುಣ್ಣವನ್ನು ಕೂಡಿಸಿದರಾಯಿತು. ಹಳದಿಯ ನೀರು ಕಣ್ಣೆದುರಿಗೇ ರಕ್ತವರ್ಣವನ್ನು ತಾಳುವದು. ಒಂದು ಹಳದಿ, ಇನ್ನೊಂದು ಬಿಳುಪು. ಇವೆರಡರಲ್ಲಿಯೂ ಇಲ್ಲದ ಕೆಂಪು ಎಲ್ಲಿಂದ ಬಂದಿತು? ಪ್ರತಿಯೊಬ್ಬ ಗೃಹಿಣಿಯೂ ಮಾಡಬಲ್ಲ, ಆದರೆ ಬಹು ಜನರು ಕಾರಣವನ್ನು ವಿಚಾರಿಸದ ಈ ಚಿಕ್ಕ ಸಂಗತಿಯಿಂದ ಹೊರಟು, ರಸಾಯನಶಾಸ್ತ್ರದಲ್ಲಿ ಫೀನಾಲುಗಳೆಂದು ಕರೆಯುವ ಪದಾರ್ಥಗಳ ಗುಣಧರ್ಮಗಳನ್ನು ವಾಚಕರಿಗೆ ತಿಳಿಸಬೇಕೆಂದಿರುವೆವು. ಇದು ಕೇವಲ ಕುತೂಹಲದ ಮಾತಲ್ಲ. ತಾಟಿನಲ್ಲಿ ಮಂಗಲಕರವಾಗಿ ತೋರುವ ಈ ಕ್ರಿಯೆಯೇ ಬೇರೊಂದು ಸ್ಥಳದಲ್ಲಿ ನಡೆದಾಗ ಎಷ್ಟೋ ಮನೆಗಳಿಗೆ ದುಃಖವನ್ನು ತಂದಿದೆಯೆಂಬುದನ್ನು ಲೇಖನದ ಕೊನೆಯಲ್ಲಿ ಕಾಣಬಹುದು.

ಮೊದಲು ಫೀನಾಲೆಂದರೇನೆಂಬುದನ್ನು ನೋಡೋಣ. ಇಂಗಾಲದ ಆರು ಪರಮಾಣುಗಳು ಒಂದರ ಕೈಯನ್ನೊಂದು ಹಿಡಿದು ಉಂಗುರದಂತೆ ನಿಂತಿರುವವೆಂದು ಭಾವಿಸಿರಿ. ಈ ಉಂಗುರಕ್ಕೆ ಬೆಂಜೀನು ಉಂಗುರವೆಂದು ಹೆಸರು. ಆ ಆರರಲ್ಲಿ ಯಾವುದಾದರೊಂದಕ್ಕೆ ಆಮ್ಲಜನಕ ಮತ್ತು ಜಲಜನಕಗಳ ಒಂದು ಜೋಡಿಯು ನೇರವಾಗಿ ಅಂಟಿಕೊಂಡಿದ್ದರೆ ಆ ಪದಾರ್ಥವು ಫೀನಾಲು. ಒಂದೇ ಉಂಗುರ, ಒಂದೇ ಜೋಡಿಯುಳ್ಳ ಅತ್ಯಂತ ಸರಳವಾದ ಫೀನಾಲನ್ನು ರುಂಗೆ ಎಂಬ ಜರ್ಮನ್ ರಸಾಯನಜ್ಞನು ೧೮೩೪ರಲ್ಲಿ ಕಲ್ಲಿದ್ದಲಿನ ಡಾಂಬರಿನಿಂದ ಬೇರ್ಪಡಿಸಿ, ಅದಕ್ಕೆ ಕಾರ್ಬಾಲಿಕ್ ಆಮ್ಲವೆಂದು ಹೆಸರಿಟ್ಟನು. ಅದು ಬಣ್ಣವಿಲ್ಲದ ಹರಳು. ಸುಮಾರು ೪೧ ಸೆಂಟಿಗ್ರೇಡಿನ ಉಷ್ಣತೆಯಲ್ಲಿ ಕರಗುವದು. ಗಾಳಿ ಬೆಳಕುಗಳಿಗೆ ಬಿಟ್ಟರೆ ಮೆಲ್ಲಗೆ ನಸುಗೆಂಪಾಗುವದು. ಆದರೆ ಫೀನಾಲುಗಳ ಕುಲವು ಡಾಂಬರಿನ ಪೀಪಾಯಿಗಿಂತ ಬಹು ಪ್ರಾಚೀನವಾದುದು. ಅರಿಷಿಣದ ಹಳದಿಯಾದ ಕರ್ಕ್ಯುಮಿನ್, ಬಾಣಂತಿಗೆ ಕೊಡುವ ಅಜವಾನದ ಥೈಮಾಲ್, ಹಲ್ಲುನೋವಿಗೆ ಇಡುವ ಲವಂಗದ ಯುಜಿನಾಲ್, ಕುಂದಗೋಳದ ಕಡೆಯ ಹೊಲಗಳಲ್ಲಿ ಬೆಳೆಯುವ ಬ್ಯಾಡಗಿ ಮೆಣಸಿನಕಾಯಿಯ ಖಾರವಾದ ಕ್ಯಾಪ್ಸೈಸಿನ್, ಚಹದ ಒಗರು, ಅಳಲೆಕಾಯಿಯ ಒಗರು, ಅಡಿಕೆಯ ಒಗರು, ಇವೆಲ್ಲವೂ ಈ ಕುಲದವೇ ಆಗಿವೆ.

ಮದ್ಯಸಾರದಲ್ಲಿಯೂ ಆಮ್ಲಜನಕ-ಜಲಜನಕಗಳ ಇಂಥದೇ ಜೋಡಿಯುಂಟು. ಆದರೆ ಸುಣ್ಣದ ತಿಳಿಯು ಮದ್ಯಸಾರವನ್ನು ಕದಲಿಸಲಾರದು. ಫೀನಾಲನ್ನೋ ಒಡನೆಯೇ ಕದಲಿಸುವದು. ಇದಕ್ಕೆ ಕಾರಣವು ಉಂಗುರವೇ. ಸುಣ್ಣದಂತಹ ಕ್ಷಾರವು ಬಂದು ಜೋಡಿಯೊಳಗಿನ ಜಲಜನಕವನ್ನು ಎಳೆದುಕೊಂಡಾಗ, ಉಳಿದ ಆಮ್ಲಜನಕದ ಮೇಲೆ ಋಣವಿದ್ಯುತ್ತಿನ ಭಾರವೊಂದು ಬೀಳುವದು. ಮದ್ಯಸಾರದಲ್ಲಿ ಆ ಭಾರವನ್ನು ಆಮ್ಲಜನಕವು ಒಂಟಿಯಾಗಿ ಹೊರಬೇಕು. ಫೀನಾಲಿನಲ್ಲಾದರೋ ಉಂಗುರದ ಇಂಗಾಲಗಳೂ ಹೆಗಲುಗೊಡುವವು. ಜಾತ್ರೆಯ ಪಲ್ಲಕ್ಕಿಯನ್ನು ಒಬ್ಬನೇ ಎತ್ತಲಾರನು. ನಾಲ್ವರು ಹೆಗಲು ಕೊಟ್ಟರೆ ಅದು ಸುಲಭವಾಗಿ ಮುಂದೆ ಸಾಗುವದು. ಹೀಗೆ ಭಾರವು ಹಂಚಿಹೋಗುವದರಿಂದಲೇ ಫೀನಾಲು ತನ್ನ ಜಲಜನಕವನ್ನು ಬಿಟ್ಟುಕೊಡಲು ಸಿದ್ಧವಾಗಿರುವದು, ಎಂದರೆ ಆಮ್ಲದ ಗುಣವನ್ನು ತೋರಿಸುವದು. ಆದರೂ ಅದು ಬಹು ಸೌಮ್ಯವಾದ ಆಮ್ಲವು. ವಿನೆಗರಿನ ಹುಳಿಗೆ ಹೋಲಿಸಿದರೆ ಕಾರ್ಬಾಲಿಕ್ ಆಮ್ಲದ ಬಲವು ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆಯಾದುದು.

ಈಗ ಆರತಿಯ ತಾಟಿನ ರಹಸ್ಯವು ಬಿಡಿಸಿದಂತಾಯಿತು. ಕರ್ಕ್ಯುಮಿನ್ನಿನ ಅಣುವಿನಲ್ಲಿ ಇಂತಹ ಉಂಗುರಗಳು ಎರಡಿದ್ದು, ನಡುವೆ ಇಂಗಾಲದ ಸರಪಳಿಯೊಂದು ಅವನ್ನು ಕೂಡಿಸಿರುವದು. ಸುಣ್ಣವು ಜಲಜನಕವನ್ನು ಕಿತ್ತೊಡನೆ ವಿದ್ಯುತ್ತಿನ ಭಾರವು ಇಡೀ ಅಣುವಿನುದ್ದಕ್ಕೂ ಹರಡುವದು. ಆಗ ಅಣುವು ಬೆಳಕನ್ನು ಹೀರುವ ರೀತಿಯೇ ಬದಲಾಗಿ, ಹಳದಿಯ ಬದಲು ಕೆಂಪು ಕಣ್ಣಿಗೆ ಬೀಳುವದು. ಮನೆಯ ಮಕ್ಕಳಿಗೆ ಇದನ್ನು ತೋರಿಸಬೇಕಾದರೆ ಕೆಂಪಾದ ನೀರಿಗೆ ತಡಮಾಡದೆ ನಿಂಬೆಯ ರಸವನ್ನು ಹಿಂಡಿರಿ. ಹುಳಿಯು ಜಲಜನಕವನ್ನು ತಿರುಗಿ ಕೊಡುವದರಿಂದ ನೀರು ಮತ್ತೆ ಹಳದಿಯಾಗುವದು. ಅರಿಷಿಣದ ಕಲೆಬಿದ್ದ ಸೀರೆಯು ಸಾಬೂನು ತಗಲಿದೊಡನೆ ಕೆಂಪಾಗುವದೂ, ತಿಳಿನೀರಿನಲ್ಲಿ ಜಾಲಿಸಿದಾಗ ಹಳದಿಗೆ ಬರುವದೂ ಇದೇ ಕ್ರಿಯೆಯಿಂದ. ಅದಕ್ಕೆ ಗಾಬರಿಪಡಬೇಕಾಗಿಲ್ಲ. ಬಿಸಿಲಿಗೆ ಒಣಹಾಕಿದರೆ ಕರ್ಕ್ಯುಮಿನ್ನು ಬೆಳಕಿನಿಂದ ಒಡೆದು ಕಲೆಯು ತಾನಾಗಿಯೇ ಮಾಸುವದು.

ಸುಣ್ಣದೊಡನೆ ಫೀನಾಲಿನ ನಂಟು ಹೀಗೆ ಬೇಕಾದಾಗ ಬಿಡಿಸಬಹುದಾದುದು. ಗಾಳಿಯೊಡನೆ ಅದರ ನಂಟು ಹಾಗಲ್ಲ. ಬದನೆಕಾಯಿಯನ್ನೋ ಬಾಳೆಕಾಯಿಯನ್ನೋ ಹೆಚ್ಚಿಟ್ಟರೆ ಸ್ವಲ್ಪ ಹೊತ್ತಿನಲ್ಲಿಯೇ ಹೋಳುಗಳು ಕಂದುವದನ್ನು ಎಲ್ಲರೂ ಬಲ್ಲರು. ಕಾಯಿಯಲ್ಲಿರುವ ಫೀನಾಲುಗಳೂ, ಅವನ್ನು ಗಾಳಿಯ ಆಮ್ಲಜನಕದೊಡನೆ ಕೂಡಿಸುವ ಕಿಣ್ವವೂ ಇಡಿಯಾದ ಕಾಯಿಯಲ್ಲಿ ಬೇರೆ ಬೇರೆ ಕೋಣೆಗಳಲ್ಲಿರುವವು. ಈಳಿಗೆಯು ಆ ಗೋಡೆಗಳನ್ನು ಕೆಡವಿದಾಗ ಅವೆರಡೂ ಕೂಡುವವು; ಫೀನಾಲು ಕ್ವಿನೋನ್ ಎಂಬ ಉಗ್ರ ರೂಪವನ್ನು ತಾಳಿ, ಒಂದಕ್ಕೊಂದು ಹೆಣೆದುಕೊಂಡು ಕಂದುಬಣ್ಣದ ಪದಾರ್ಥವಾಗುವದು. ಹೋಳುಗಳನ್ನು ಮಜ್ಜಿಗೆ ಬೆರಸಿದ ನೀರಿನಲ್ಲಿಡುವ ನಮ್ಮ ಹಿರಿಯರ ರೂಢಿಯು ಸರಿಯಾದುದೇ. ನೀರು ಗಾಳಿಯನ್ನು ತಡೆಯುವದು, ಹುಳಿಯು ಕಿಣ್ವದ ಕೈಯನ್ನು ಕಟ್ಟುವದು. ನವಲಗುಂದ ಅಣ್ಣಿಗೇರಿಗಳ ಎರೆಹೊಲಗಳಲ್ಲಿ ಜೋಳದ ಎಲೆಗೆ ಹುಳುವೋ ರೋಗವೋ ಗಾಯಮಾಡಿದೆಡೆಯಲ್ಲಿ ಕೆಂಪು ಕಲೆಗಳೇಳುವದನ್ನು ರೈತರು ಕಂಡಿರುವರು. ಅವೂ ಫೀನಾಲುಗಳೇ. ಓಡಲಾರದ ಗಿಡವು ತನ್ನ ವೈರಿಗಳನ್ನು ತಡೆಯುವದಕ್ಕೆ ಇಟ್ಟುಕೊಂಡ ಆಯುಧಗಳವು. ಒಗರು, ಖಾರ, ಕಟು ವಾಸನೆಗಳು ಗಿಡಗಳಲ್ಲಿ ಹುಟ್ಟಿದುದು ನಮ್ಮ ನಾಲಿಗೆಯ ರುಚಿಗಾಗಿ ಅಲ್ಲವೆಂಬುದನ್ನು ನೆನಪಿನಲ್ಲಿಡತಕ್ಕದ್ದು.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದುಂಟು. ಸುಣ್ಣವೂ ಗಾಳಿಯೂ ಕೂಡಿ ಬಂದರೆ ಕೆಲಸವು ಇಮ್ಮಡಿ ಮುಮ್ಮಡಿಯಾಗುವದು. ಜಲಜನಕವನ್ನು ಕಳೆದುಕೊಂಡ ಫೀನಾಲು ಆಮ್ಲಜನಕಕ್ಕೆ ಬಹು ಬೇಗನೆ ತುತ್ತಾಗುವದು. ಕಲಘಟಗಿಯ ಕಡೆಯ ಕಾಡುಗಳಲ್ಲಿ ಬೆಳೆಯುವ ಕೇರು ಅಥವಾ ಭಲ್ಲಾತಕದ ಬೀಜವು ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಸಿಪ್ಪೆಯೊಳಗಿನ ಕಂದು ಎಣ್ಣೆಯಿಂದ ಅಗಸರು ಅರಿವೆಗಳ ಮೇಲೆ ಗುರುತು ಹಾಕಿ, ಅದರ ಮೇಲೆ ಸುಣ್ಣವನ್ನು ಒತ್ತುತ್ತಿದ್ದರು. ಗುರುತು ಕಪ್ಪಾಗಿ ನಿಂತರೆ ಎಷ್ಟು ಒಗೆದರೂ ಹೋಗದು. ಈ ಎಣ್ಣೆಯ ಫೀನಾಲಿನಲ್ಲಿ ಉಂಗುರದ ಮಗ್ಗುಲು ಮಗ್ಗುಲಿಗೆ ಎರಡು ಜೋಡಿಗಳೂ, ಹದಿನೈದು ಇಂಗಾಲಗಳ ಒಂದು ಬಾಲವೂ ಇರುವವು. ಬಾಲದ ಬಲದಿಂದ ಅದು ಚರ್ಮದ ಜಿಡ್ಡಿನೊಳಗೆ ನುಸುಳಿ, ಒಳಗೆ ಕ್ವಿನೋನಾಗಿ ದೇಹದ ಸಸಾರಜನಕ ಪದಾರ್ಥಕ್ಕೆ ಅಂಟಿಕೊಳ್ಳುವದು. ಹೀಗೆ ಮಾರ್ಪಟ್ಟ ತನ್ನದೇ ಪದಾರ್ಥವನ್ನು ದೇಹವು ಪರಕೀಯವೆಂದು ಬಗೆದು ಹೋರಾಡಲು, ಗುಳ್ಳೆಗಳೇಳುವವು. ಎರಡನೆಯ ಜಾಗತಿಕ ಯುದ್ಧಕಾಲದಲ್ಲಿ ಭಾರತದಲ್ಲಿದ್ದ ಅಮೇರಿಕನ್ ಸೈನಿಕರಿಗೆ ಅಂಗಿಯ ಕೊರಳಪಟ್ಟಿಯ ಮೇಲಿನ ಅಗಸನ ಗುರುತಿನಿಂದಲೇ ಕುತ್ತಿಗೆಯಲ್ಲಿ ಹುಣ್ಣಾದುದನ್ನು ಅವರ ವೈದ್ಯರು ದಾಖಲಿಸಿರುವರು. ಉಳುಕಿಗೆಂದೋ ಒಡೆದ ಹಿಮ್ಮಡಿಗೆಂದೋ ಹಸಿಯ ಕೇರೆಣ್ಣೆಯನ್ನು ಹಚ್ಚಿಕೊಳ್ಳುವವರು ಇದನ್ನು ಮರೆಯಬಾರದು. ಎಳೆಗೂಸುಗಳ ಮೈಗಂತೂ ಅದನ್ನು ಎಂದಿಗೂ ಮುಟ್ಟಿಸಬಾರದು.

ಫೀನಾಲಿಗೆ ಮೂರನೆಯ ನಂಟು ಕಬ್ಬಿಣದೊಡನೆ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಕೂಡಿಸಿ ಹಿಂದಿನವರು ಮಸಿಯನ್ನು ಮಾಡುತ್ತಿದ್ದರು. ಅನ್ನಭೇದಿಯೆಂದರೆ ಕಬ್ಬಿಣದ ಲವಣವು. ಅಳಲೆಯ ಒಗರಾದ ಟ್ಯಾನಿನ್ನುಗಳಲ್ಲಿ ಫೀನಾಲಿನ ಜೋಡಿಗಳು ಒತ್ತೊತ್ತಾಗಿರುವದರಿಂದ ಅವು ಕಬ್ಬಿಣವನ್ನು ಇಕ್ಕಳದಂತೆ ಹಿಡಿದುಕೊಳ್ಳುವವು. ಗಾಳಿ ತಗಲಿದೊಡನೆ ಕಡುಗಪ್ಪು ಬಣ್ಣವು ಹುಟ್ಟುವದು. ರಸಾಯನಶಾಲೆಯಲ್ಲಿಯೂ ಫೀನಾಲನ್ನು ಗುರುತಿಸಲು ಫೆರಿಕ್ ಕ್ಲೋರೈಡೆಂಬ ಕಬ್ಬಿಣದ ಲವಣದ ದ್ರಾವಣವನ್ನೇ ಹಾಕಿ, ನೇರಿಳೆಯ ಬಣ್ಣ ಬರುವದೋ ಎಂದು ನೋಡುವರು. ಈ ಇಕ್ಕಳವು ಮಸಿಕುಡಿಕೆಯಲ್ಲಿ ಉಪಯುಕ್ತವಾದರೂ ಹೊಟ್ಟೆಯಲ್ಲಿ ಹಾಗಲ್ಲ. ಊಟದೊಡನೆ ಚಹವನ್ನು ಕುಡಿದರೆ ಅದರ ಫೀನಾಲುಗಳು ರೊಟ್ಟಿ ಪಲ್ಯಗಳೊಳಗಿನ ಕಬ್ಬಿಣವನ್ನು ಹಿಡಿದಿಟ್ಟು, ರಕ್ತಕ್ಕೆ ಸೇರಗೊಡವು. ಗರ್ಭಿಣಿಯರೂ ರಕ್ತಹೀನತೆಯುಳ್ಳವರೂ ಚಹವನ್ನು ಊಟಕ್ಕೆ ಒಂದೆರಡು ತಾಸು ದೂರವಿಡುವದು ಲೇಸು. ಕಬ್ಬಿಣದ ಗುಳಿಗೆಯನ್ನು ಚಹದೊಡನೆ ನುಂಗುವದು ಗುಳಿಗೆಯನ್ನು ವ್ಯರ್ಥಮಾಡಿದಂತೆಯೇ ಸರಿ.

ನಾಲ್ಕನೆಯ ನಂಟು ನಮ್ಮ ಮೈಯೊಡನೆಯೇ. ಗ್ಲಾಸ್ಗೋ ನಗರದ ಶಸ್ತ್ರವೈದ್ಯ ಜೋಸೆಫ್ ಲಿಸ್ಟರನು ೧೮೬೫ನೆಯ ಆಗಸ್ಟಿನಲ್ಲಿ, ಗಾಡಿಯ ಗಾಲಿ ಹಾಯ್ದು ಕಾಲು ಮುರಿದ ಹನ್ನೊಂದು ವರ್ಷದ ಬಾಲಕನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದಲ್ಲಿ ನೆನೆಯಿಸಿದ ಬಟ್ಟೆಯನ್ನು ಕಟ್ಟಿದನು. ಅಂತಹ ಗಾಯವು ಕೊಳೆತು ಕಾಲನ್ನೇ ಕತ್ತರಿಸಬೇಕಾಗುತ್ತಿದ್ದ ಕಾಲವದು. ಆ ಬಾಲಕನ ಕಾಲು ಕೆಲವು ವಾರಗಳಲ್ಲಿ ಕೂಡಿತು. ರೋಗಾಣುಗಳ ಸಸಾರಜನಕವನ್ನು ಕೆಡಿಸಿ ಅವನ್ನು ಕೊಲ್ಲುವ ಗುಣವು ಫೀನಾಲಿಗುಂಟು. ಆದರೆ ರೋಗಾಣುವಿನ ಮೈ, ಮನುಷ್ಯನ ಮೈ ಎಂಬ ಭೇದವನ್ನು ಅದು ಅರಿಯದು. ಶುದ್ಧ ಫೀನಾಲು ತಗಲಿದ ಚರ್ಮವು ಬೆಳ್ಳಗಾಗಿ ಸುಡುವದು. ನರಗಳೂ ಮರಗಟ್ಟುವದರಿಂದ ಬೇಗನೆ ನೋವೂ ತಿಳಿಯದು. ಅಷ್ಟರಲ್ಲಿ ಅದು ರಕ್ತವನ್ನು ಸೇರಿ ಪ್ರಾಣಕ್ಕೇ ಮುಳುವಾಗಬಹುದು. ಆದಕಾರಣ ಇಂದು ಗಾಯಕ್ಕೆ ಅದನ್ನು ಬಳಸುವದಿಲ್ಲ. ಡಾಂಬರಿನ ಫೀನಾಲುಗಳಿಂದ ಮಾಡಿದ ಕರಿಯ ಫಿನಾಯಿಲನ್ನು ಕುಡಿಯುವ ನೀರಿನ ಬಾಟಲಿಯಲ್ಲಿಡುವದೂ, ಮಕ್ಕಳ ಕೈಗೆ ನಿಲುಕುವಂತೆ ಇಡುವದೂ ಕೂಡದು. ಮೈಮೇಲೆ ಚೆಲ್ಲಿದರೆ ಅರಿವೆಯನ್ನು ತೆಗೆದೊಗೆದು ಧಾರಾಳವಾದ ನೀರಿನಿಂದ ಬಹು ಹೊತ್ತು ತೊಳೆಯಬೇಕು. ಮಗುವೇನಾದರೂ ಕುಡಿದಿದ್ದರೆ ವಾಂತಿಮಾಡಿಸದೆ, ಬಾಟಲಿಯ ಸಮೇತ ಕೂಡಲೆ ದವಾಖಾನೆಗೆ ಒಯ್ಯಬೇಕು. ಬಾವಿಯ ಹತ್ತಿರ ಅದನ್ನು ಸುರಿಯಲೂ ಬಾರದು. ಬ್ಲೀಚಿಂಗ್ ಪುಡಿ ಹಾಕಿದ ನೀರಿನಲ್ಲಿ ಲೇಶಮಾತ್ರ ಫೀನಾಲಿದ್ದರೂ ಕ್ಲೋರಿನ್ನು ಅದರೊಡನೆ ಕೂಡಿ, ನೀರೆಲ್ಲ ಔಷಧದ ದುರ್ವಾಸನೆಯಿಂದ ಕೆಡುವದು.

ಸಸಾರಜನಕವನ್ನು ಕೊಲ್ಲದೆ ಕಟ್ಟಿಹಾಕುವ ಫೀನಾಲುಗಳೂ ಉಂಟು. ಚರ್ಮವನ್ನು ಹದಮಾಡುವವರು ತೊಗಲನ್ನು ಮೊದಲು ಸುಣ್ಣದಲ್ಲಿಟ್ಟು ಕೂದಲನ್ನು ತೆಗೆದು, ಬಳಿಕ ತಂಗಡಿಯ ತೊಗಟೆ, ಅಳಲೆಕಾಯಿಗಳ ಕಷಾಯದಲ್ಲಿ ನೆನೆಯಿಡುತ್ತಿದ್ದರು. ಹಸಿಯ ತೊಗಲಿನಲ್ಲಿ ಕೊಲ್ಯಾಜನ್ ಎಂಬ ನಾರುಗಳಿರುವವು. ಟ್ಯಾನಿನ್ನುಗಳು ಎಳೆಯಿಂದೆಳೆಗೆ ಗಂಟುಹಾಕಿದಂತೆ ಈ ನಾರುಗಳನ್ನು ಹೆಣೆಯುವದರಿಂದ, ಕೊಳೆಯಬೇಕಾದ ತೊಗಲು ಕೊಳೆಯದೆ ಗಟ್ಟಿಯಾಗಿ ವರ್ಷಾನುಗಟ್ಟಲೆ ಉಳಿಯುವದು. ಕೆರವಿನ ಅಟ್ಟೆಯೂ ಬಾವಿಯ ಕಪಿಲೆಯ ಚೀಲವೂ ಈ ಕ್ರಿಯೆಯ ಫಲಗಳೇ.

ಸುಣ್ಣವು ಫೀನಾಲನ್ನು ಕದಲಿಸುವದು. ಗಾಳಿಯು ಅದನ್ನು ಉಗ್ರವಾಗಿಸುವದು. ಟ್ಯಾನಿನ್ನು ಕೊಲ್ಯಾಜನ್ನಿನ ನಾರುಗಳನ್ನು ಬಿಗಿಯುವದು. ಈ ಮೂರು ಕ್ರಿಯೆಗಳೂ ಒಂದೇ ಕಡೆಯಲ್ಲಿ, ದಿನಕ್ಕೆ ಹತ್ತಾರು ಸಲ, ವರ್ಷಾನುಗಟ್ಟಲೆ ನಡೆದರೆ ಏನಾಗಬಹುದು? ಅಂತಹ ಸ್ಥಳವು ಯಾವ ರಸಾಯನಶಾಲೆಯಲ್ಲಿಯೂ ಇಲ್ಲ. ಎಲೆ ಅಡಿಕೆ ತಿನ್ನುವವರ ಬಾಯಿಯಲ್ಲಿದೆ.

ಸವಣೂರಿನ ಎಲೆ, ಶಿರಸಿಯ ಅಡಿಕೆ, ಕಾಚು, ಸುಣ್ಣ ಇವು ಬಾಯಿಯಲ್ಲಿ ಕೂಡಿದಾಗ ಬರುವ ಕೆಂಪು ಆರತಿಯ ಕೆಂಪಿನ ಹತ್ತಿರದ ಬಂಧುವೇ. ಅಡಿಕೆ ಕಾಚುಗಳ ಫೀನಾಲುಗಳಿಂದ ಸುಣ್ಣವು ಜಲಜನಕವನ್ನು ಸೆಳೆಯುವದು, ಬಾಯಿಯೊಳಗಿನ ಗಾಳಿಯು ಅವನ್ನು ಸುಡುವದು. ಕೆಂಪು ಈ ಸುಡುವಿಕೆಯ ಗುರುತಾಗಿದೆ. ಆಗ ಹೈಡ್ರೋಜನ್ ಪೆರಾಕ್ಸೈಡು ಮೊದಲಾದ ತೀಕ್ಷ್ಣ ಪದಾರ್ಥಗಳು ಹುಟ್ಟಿ, ಕೆನ್ನೆಯ ಒಳಗಣ ಮೆತ್ತನೆಯ ಪೊರೆಯ ಜೀವಕಣಗಳಿಗೆ ಹಾನಿಮಾಡುವವು. ಅದೇ ವೇಳೆಗೆ ಅಡಿಕೆಯ ಅರೆಕೊಲೀನ್ ಎಂಬ ಸತ್ವವು ಕೆನ್ನೆಯೊಳಗೆ ಕೊಲ್ಯಾಜನ್ ನಾರುಗಳು ಹೆಚ್ಚು ಹೆಚ್ಚಾಗಿ ಹುಟ್ಟುವಂತೆ ಪ್ರೇರಿಸುವದು. ಅಡಿಕೆಯ ಟ್ಯಾನಿನ್ನು, ತಂಗಡಿಯ ತೊಗಟೆ ತೊಗಲಿಗೆ ಮಾಡುವಂತೆ, ಆ ನಾರುಗಳನ್ನು ಬಿಗಿದು, ಹಳೆಯ ನಾರನ್ನು ದೇಹವು ಕರಗಿಸದಂತೆ ತಡೆಯುವದು. ಕಾಲಕ್ರಮದಲ್ಲಿ ಕೆನ್ನೆಯು ಬಿರುಸಾಗಿ, ಬಾಯಿ ತೆರೆಯುವದೇ ಕಷ್ಟವಾಗುವದು. ಕೀನ್ಯಾದಲ್ಲಿ ನೆಲಸಿದ್ದ ಐವರು ಭಾರತೀಯ ಸ್ತ್ರೀಯರಲ್ಲಿ ಕಂಡ ಈ ರೋಗವನ್ನು ೧೯೫೨ರಲ್ಲಿ ಶ್ವಾರ್ಟ್ಜ್ ಎಂಬವರು ವರ್ಣಿಸಿದರು. ಮರುವರ್ಷ ಮುಂಬಯಿಯ ಡಾಕ್ಟರ್ ಜೋಶಿಯವರು ಇಂದು ರೂಢಿಯಲ್ಲಿರುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಹೆಸರನ್ನು ಅದಕ್ಕಿತ್ತರು. ಈ ರೋಗವುಳ್ಳವರಲ್ಲಿ ಕೆಲವರಿಗೆ ಮುಂದೆ ಬಾಯಿಯ ಅರ್ಬುದವೂ ಬರುವದು.

ತಂಬಾಕು ಹಾಕದಿದ್ದರೆ ಅಪಾಯವಿಲ್ಲವೆಂಬ ನಂಬಿಕೆಯು ನಮ್ಮಲ್ಲಿ ಬಹು ದಿನಗಳಿಂದ ಉಂಟು. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನ ಮಂಡಲವು ೧೯೮೫ರಲ್ಲಿ ತಂಬಾಕು ಬೆರಸಿದ ಎಲೆ ಅಡಿಕೆಯನ್ನು ಅರ್ಬುದಕಾರಿಯೆಂದು ನಿರ್ಣಯಿಸಿತು. ತಂಬಾಕಿಲ್ಲದುದರ ವಿಷಯದಲ್ಲಿ ಸಾಕಷ್ಟು ಆಧಾರವಿಲ್ಲವೆಂದು ಆಗ ಹೇಳಿತು. ಆದರೆ ಮುಂದಿನ ಶೋಧಗಳನ್ನೆಲ್ಲ ತೂಗಿ ನೋಡಿ, ೨೦೦೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ತಂಬಾಕಿಲ್ಲದ ಎಲೆ ಅಡಿಕೆಯನ್ನೂ, ಅಡಿಕೆಯೊಂದನ್ನೇ ಪ್ರತ್ಯೇಕವಾಗಿಯೂ, ಮನುಷ್ಯನಿಗೆ ಅರ್ಬುದಕಾರಿಯಾದ ಪದಾರ್ಥಗಳ ಸಾಲಿನಲ್ಲಿ ಸೇರಿಸಿತು. ತಂಬಾಕು ಸೇರಿದರೆ ಅಪಾಯವು ಇನ್ನೂ ಹೆಚ್ಚುವದೇ ಹೊರತು, ಅದಿಲ್ಲದ ಮಾತ್ರಕ್ಕೆ ಅಪಾಯವು ತಪ್ಪುವದಿಲ್ಲ.

ಹಾಗಾದರೆ ತಾಂಬೂಲವನ್ನೇ ಬಿಡಬೇಕೇ ಎಂದು ಹಿರಿಯರು ಕೇಳಬಹುದು. ತಾಂಬೂಲವನ್ನು ಕೊಡುವದು ಬೇರೆ, ದಿನವಿಡೀ ಅಗಿಯುವದು ಬೇರೆ. ಎಲೆ ಅಡಿಕೆಯನ್ನು ತಾಟಿನಲ್ಲಿಟ್ಟು ಬಂದವರನ್ನು ಮನ್ನಿಸುವದರಿಂದ ಯಾರಿಗೂ ಹಾನಿಯಿಲ್ಲ. ಆ ಗೌರವವು ಕೊಡುವ ಕೈಯಲ್ಲಿರುವದೇ ಹೊರತು ಅಗಿಯುವ ಹಲ್ಲಿನಲ್ಲಿಲ್ಲ. ಊಟವಾದ ಮೇಲೆ ಬಾಯಿಗೆ ಪರಿಮಳ ಬೇಕಾದರೆ ಒಂದು ಲವಂಗವನ್ನೋ ಚಿಟಿಕೆ ಅಜವಾನವನ್ನೋ ಹಾಕಿಕೊಳ್ಳಬಹುದು. ಅವೂ ಫೀನಾಲುಗಳೇ ಆದರೂ ಅಷ್ಟು ಅಲ್ಪ ಪ್ರಮಾಣದಲ್ಲಿ, ಸುಣ್ಣದ ಸಂಗವಿಲ್ಲದೆ, ಆರೋಗ್ಯವಂತರನ್ನು ಬಾಧಿಸವು. ಮಕ್ಕಳ ಕೈಗಂತೂ ಅಡಿಕೆಯ ಚೂರನ್ನಾಗಲಿ, ಅಂಗಡಿಯ ಪೊಟ್ಟಣದ ಸುವಾಸನೆಯ ಅಡಿಕೆಪುಡಿಯನ್ನಾಗಲಿ ಕೊಡಬಾರದು. ಎಳೆಯ ವಯಸ್ಸಿನಲ್ಲಿ ಹತ್ತಿದ ಚಟವು ಆ ಕ್ರಿಯೆಗೆ ಅಷ್ಟೇ ಹೆಚ್ಚಿನ ವರ್ಷಗಳನ್ನು ಒದಗಿಸುವದು.

ಬಹು ದಿನಗಳಿಂದ ತಿನ್ನುತ್ತ ಬಂದವರು ತಮ್ಮ ಬಾಯಿಯನ್ನು ತಾವೇ ಆಗಾಗ್ಗೆ ಪರೀಕ್ಷಿಸಿಕೊಳ್ಳಬಹುದು. ನಿತ್ಯದ ರೊಟ್ಟಿಯೊಡನೆ ನಿತ್ಯದ ಕೆಂಪು ಚಟ್ನಿಯೇ ಎಂದೂ ಇಲ್ಲದಂತೆ ಬಾಯಿಯನ್ನು ಉರಿಸತೊಡಗಿದರೆ, ಮೆಣಸಿನಕಾಯಿಯನ್ನು ದೂರುವ ಮುಂಚೆ ಕೆನ್ನೆಯ ಒಳಮೈಯನ್ನು ಕನ್ನಡಿಯಲ್ಲಿ ನೋಡಿಕೊಳ್ಳತಕ್ಕದ್ದು. ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ಹಿಡಿಸಬೇಕು. ಹಿಡಿಸದಿದ್ದರೆ ಬಾಯಿಯ ತೆರಪು ಕುಗ್ಗಿದೆಯೆಂದು ಬಗೆಯಬೇಕು. ಬಿಳಿಯ ಇಲ್ಲವೆ ಕೆಂಪು ಮಚ್ಚೆ, ಎರಡು ವಾರಗಳಾದರೂ ಮಾಯದ ಹುಣ್ಣು, ಕೆನ್ನೆಯೊಳಗೆ ಕೈಗೆ ಹತ್ತುವ ಬಿಗಿಯಾದ ಪಟ್ಟಿ, ಇವುಗಳಲ್ಲಿ ಯಾವುದೊಂದು ಕಂಡರೂ ನಾಚಿಕೊಳ್ಳದೆ, ತಡಮಾಡದೆ ದಂತವೈದ್ಯರಿಗೋ ಸಮೀಪದ ಸರಕಾರಿ ದವಾಖಾನೆಯ ವೈದ್ಯರಿಗೋ ತೋರಿಸತಕ್ಕದ್ದು. ಮನೆಯ ಹೆಂಗಸರು ತಮ್ಮ ನೋವನ್ನು ಕೊನೆಯಲ್ಲಿ ಹೇಳುವದು ನಮ್ಮಲ್ಲಿ ರೂಢಿಯಾದುದರಿಂದ, ಅವರನ್ನು ಕೇಳಿ ತಿಳಿದುಕೊಳ್ಳುವದು ಮನೆಯ ಗಂಡಸರ ಕರ್ತವ್ಯವಾಗಿದೆ.

ರಸಾಯನಕ್ರಿಯೆಗಳಲ್ಲಿ ಎರಡು ಬಗೆಗಳುಂಟು, ಹಿಂದಿರುಗುವವು, ಹಿಂದಿರುಗದವು. ತಾಟಿನ ಕೆಂಪು ನಿಂಬೆಯ ಒಂದು ಹೋಳಿಗೆ ಹಳದಿಯಾಗಿ ಹಿಂದಿರುಗುವದು. ಹದವಾದ ತೊಗಲು ಮತ್ತೆ ಹಸಿಯ ತೊಗಲಾಗಲಾರದು. ಹಾಗೆಯೇ ಬಿಗಿದ ಕೆನ್ನೆಯನ್ನು ಪೂರ್ತಿಯಾಗಿ ಮೊದಲಿನಂತೆ ಮಾಡಬಲ್ಲ ಔಷಧವು ಇದುವರೆಗೂ ದೊರೆತಿಲ್ಲ. ಚಟವನ್ನು ಬಿಟ್ಟರೆ ರೋಗವು ಮುಂದುವರಿಯುವ ಭಯವು ಕಡಿಮೆಯಾಗುವದು. ಮೊದಲೇ ಬಿಟ್ಟವರಿಗೆ ಹೆಚ್ಚು ಲಾಭ. ಸುಣ್ಣದ ಡಬ್ಬಿಯು ಅರಿಷಿಣದ ಬಟ್ಟಲ ಬಳಿಯಲ್ಲಿ ಇರಲಿ, ಬಾಯಿಂದ ದೂರವಿರಲಿ.